ಅಕ್ಕ ಕೂಡಿಸಿದ ಚೌಕ

ಆಗ ಭಂಕೂರಿನ ಮಕ್ಕಳಿಗೆ ಆಟದ ಸಾಮಾನು ಕೊಂಡು ತರುವ ಮಾತೇ ಇರಲಿಲ್ಲ. ಕಲ್ಲಿನ ಖಣಿಯ ದಂಡೆಗೆ ಹೋದರೆ ಬೇಕಾದಷ್ಟು ಬಿದ್ದಿರುತ್ತಿತ್ತು. ನೆಲಕ್ಕೆ ಹಾಸುವ ಫರಸಿಕಲ್ಲು ಒಡೆಯುವಾಗ ಸಿಡಿದ ಚಕ್ಕೆಗಳು: ಮೂರು ಮೂಲೆಯವು, ಹಕ್ಕಿಯ ಕೊಕ್ಕಿನಂಥವು, ಮುರಿದ ರೊಟ್ಟಿಯಂಥವು. ಬೇಸಿಗೆ ರಜೆಯಲ್ಲಿ ಅವನ್ನು ಉಡಿಯಲ್ಲಿ ತುಂಬಿಕೊಂಡು ಬರುತ್ತಿದ್ದೆವು. ಅಂಗಳದಲ್ಲಿ ಇದ್ದಿಲಿನಿಂದ ಚೌಕ ಬರೆದು, ಅದರ ತುಂಬ ಚಕ್ಕೆಗಳನ್ನು ಸಂದಿಲ್ಲದಂತೆ ಕೂಡಿಸಬೇಕು. ಹುಣಸೆಬೀಜ ತೂರುವಷ್ಟು ಸಂದು ಉಳಿದರೂ ಸೋತಂತೆ. ಆಟ ಮುಗಿದ ಮೇಲೆ ನೀರು ಚಿಮುಕಿಸಿದರೆ ಕಾದ ಕಲ್ಲಿನಿಂದ ಒಂದು ವಾಸನೆ ಏಳುತ್ತಿತ್ತು. ಶೇಂಗಾ ಹಿಂಡಿ ಹಚ್ಚಿದ ಬಿಸಿ ರೊಟ್ಟಿ ತಿನ್ನುತ್ತ ಆ ವಾಸನೆಯೊಳಗೆ ಕೂತಿರುತ್ತಿದ್ದೆವು.

ಈ ಆಟದಲ್ಲಿ ನನ್ನ ಅಕ್ಕ ಶರಣಮ್ಮನನ್ನು ಸೋಲಿಸಿದವರಿಲ್ಲ. ಅವಳು ನನಗಿಂತ ಎರಡು ವರ್ಷ ದೊಡ್ಡವಳು. ಅವ್ವ ಖಣಿಯಲ್ಲಿ ಕಲ್ಲು ಹೊರುತ್ತಿದ್ದಳು, ಅಪ್ಪ ಕಲ್ಲು ಕಡಿಯುತ್ತಿದ್ದ. ತಮ್ಮ ಹುಟ್ಟಿದ ಮೇಲೆ ಅವನನ್ನು ನೋಡಿಕೊಳ್ಳಲು ಅಕ್ಕನನ್ನು ಐದನೆಯ ಇಯತ್ತೆಗೇ ಸಾಲೆ ಬಿಡಿಸಿದ್ದರು. ನಾವೆಲ್ಲ ಒಂದೊಂದೇ ಚಕ್ಕೆ ಎತ್ತಿ, ತಿರುಗಿಸಿ, ಇಟ್ಟು ತೆಗೆದು ಬೇಸತ್ತಿರುವಾಗ ಅಕ್ಕ ಕೂಸನ್ನು ಸೊಂಟದ ಮೇಲೆ ಹೊತ್ತು ಸುಮ್ಮನೆ ನೋಡುತ್ತ ನಿಲ್ಲುವಳು. ಆಮೇಲೆ ನೇರ ಚಕ್ಕೆಗಳ ರಾಶಿಗೆ ಹೋಗಿ ಒಂದೇ ಒಂದು ಚಕ್ಕೆ ತಂದಿಡುವಳು. ಅದು ಹುಟ್ಟಿದ್ದೇ ಅಲ್ಲಿ ಎಂಬಂತೆ ಕೂತುಬಿಡುತ್ತಿತ್ತು.

“ನಿನಗ ಹ್ಯಾಂಗ ತಿಳೀತದ ಅಕ್ಕಾ?”

“ಖಾಲಿ ಜಾಗಾನ ಹೇಳ್ತದಲ್ಲ, ನನಗ ಎಂಥದು ಬೇಕಂತ.”

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದೆ. ರಜೆ ಮುಗಿಯುವ ಹೊತ್ತಿಗೆ ಸಾಲೆಗೆ ಹೊಸ ಮಾಸ್ತರರು ಬಂದಿದ್ದರು. ಅವರು ಹಳೆಯ ಕ್ಯಾಲೆಂಡರಿನ ರಟ್ಟನ್ನು ವಕ್ರವಕ್ರವಾಗಿ ಕತ್ತರಿಸಿ ಒಬ್ಬೊಬ್ಬ ಹುಡುಗಿಗೂ ತುಂಡುಗಳನ್ನು ಹಂಚಿದರು.

“ಇದನ್ನ ಯಾರು ಮೊದಲು ಚೌಕ ಮಾಡಿ ತರ್ತೀರೋ ಅವರನ್ನ ಶಹಾಬಾದಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ಸೇರಿಸ್ತೀನಿ. ಒಬ್ಬಾಕಿಗೆ ಮಾತ್ರ ಜಾಗ ಅದ,” ಎಂದರು.

ಮೂರು ದಿನ ಹೆಣಗಿದೆ, ಆಗಲಿಲ್ಲ. ಮೂರನೆಯ ದಿನ ಒಲೆಯ ಮುಂದೆ ಕೂತು ಅಳುತ್ತಿದ್ದಾಗ ಅಕ್ಕ ಹಿಟ್ಟಿನ ಕೈ ಒರೆಸಿಕೊಂಡು ತುಂಡುಗಳನ್ನು ತನ್ನತ್ತ ಎಳೆದುಕೊಂಡಳು. ಹೆಂಚಿನ ಮೇಲಿನ ರೊಟ್ಟಿ ಒಂದು ಮಗ್ಗಲು ಬೇಯುವಷ್ಟರಲ್ಲಿ ಚೌಕ ಮುಗಿದಿತ್ತು.

“ಅಂಬಲಿ ಹಚ್ಚಿ ಕಾಗದಕ್ಕ ಅಂಟಿಸ್ಕೋ. ಒಯ್ಯುವಾಗ ಕದಲ್ತದ,” ಎಂದು ರೊಟ್ಟಿ ಮಗುಚಿದಳು.

ಮರುದಿನ ಮಾಸ್ತರರು ಕಾಗದ ನೋಡಿ, “ನೀನೇ ಮಾಡಿದೆಯಾ?” ಎಂದು ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಅಂದೇ ಸಂಜೆ ಅವರು ನಮ್ಮ ಮನೆಗೆ ಬಂದರು. ಅಪ್ಪ ಗಾಬರಿಯಿಂದ ಕಂಬಳಿ ಹಾಸಿ, “ಕುಂದ್ರಿ ಮಾಸ್ತರ್ರ, ಕುಂದ್ರಿ,” ಎಂದ.

“ನಿಮ್ಮ ಮಗಳು ಭಾಳ ಶಾಣ್ಯಾ ಇದ್ದಾಳ. ಓದಿಸಿದ್ರ ಇಂಜಿನಿಯರ್ ಆದಾಳು. ಇಂಥ ತಲಿ ಕಲ್ಲ ಹೊರಲಿಕ್ಕಲ್ಲ,” ಎಂದರು ಮಾಸ್ತರರು.

ಅಪ್ಪ ನನ್ನ ಕಡೆ ತಿರುಗಿದ. “ಖರೇನ ನೀನ ಮಾಡಿದ್ಯಾ ಕಾಶಿ?”

ಒಳಗೆ ಅಕ್ಕ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

“ಹೌದಪ್ಪ, ನಾನ,” ಎಂದೆ.

ಸಪ್ಪಳ ಮತ್ತೆ ಶುರುವಾಯಿತು.

ಹೊರಡುವ ದಿನ ಅಕ್ಕ ನನ್ನ ತಲೆಗೆ ಎಣ್ಣೆ ಹಚ್ಚಿ ಹೆಣೆದಳು. ನಾನು ಸಣ್ಣ ದನಿಯಲ್ಲಿ, “ಮಾಸ್ತರ್ರಿಗೆ ಖರೇ ಹೇಳಿಬಿಡ್ಲೇನು ಅಕ್ಕಾ?” ಎಂದೆ.

“ಹೇಳಿದ್ರ ಕೂಸಿನ್ನ ಯಾರ್ ನೋಡ್ತಾರ? ನೀ ಹೋಗು,” ಎಂದಳು.

ಅಷ್ಟೇ ಸಾಕಾಯಿತು ನನಗೆ. ಹಿಂದಿರುಗಿ ನೋಡದೆ ಓಡಿದೆ.

ನನಗೆ ಗಣಿತ ಹತ್ತಲಿಲ್ಲ. ಹೇಗೋ ಪಾಸಾಗಿ ಒಂದು ಕಚೇರಿಯಲ್ಲಿ ಗುಮಾಸ್ತಳಾದೆ. ತಮ್ಮ ನಡೆಯಲು ಕಲಿತ ವರ್ಷವೇ ಅವ್ವ ಅಕ್ಕನ ತಲೆಯ ಮೇಲೆ ಸಿಂಬಿ ಇಟ್ಟು ಖಣಿಗೆ ಕರೆದೊಯ್ದಳು. ಹದಿನೈದಕ್ಕೆ ಅವಳನ್ನು ಕಾಳಗಿ ಎಂಬ ಊರಿಗೆ ಕೊಟ್ಟು ಮದುವೆ ಮಾಡಿದರು. ಅಲ್ಲಿಯೂ ಕಲ್ಲೇ. ಒಮ್ಮೆ ಫರಸಿ ಜಾರಿ ಅವಳ ಬಲಗೈಯ ಎರಡು ಬೆರಳು ಹೋದವು. ಸುದ್ದಿ ನನಗೆ ತಿಂಗಳ ಮೇಲೆ ಪತ್ರದಲ್ಲಿ ಬಂತು.

ಈಚೆಗೆ ಮೊಮ್ಮಗಳನ್ನು ಕರೆದುಕೊಂಡು ಕಾಳಗಿಗೆ ಹೋಗಿದ್ದೆ. ಮೊಮ್ಮಗಳ ಬಳಿ ಸಣ್ಣದೊಂದು ಕಂಪ್ಯೂಟರಿದೆ. ಅದರಲ್ಲಿ ಬಣ್ಣದ ತುಂಡುಗಳನ್ನು ತಿರುಗಿಸಿ ಖಾಲಿ ಜಾಗಕ್ಕೆ ಕೂಡಿಸುವ ಆಟ. ಮಕ್ಕಳ ಬುದ್ಧಿ ಬೆಳೆಯುತ್ತದೆಂದು ಅವಳ ಸಾಲೆಯವರೇ ಆಡಿಸುತ್ತಾರೆ. ಅದನ್ನು ಅಕ್ಕನ ಮಡಿಲಲ್ಲಿಟ್ಟು, “ನೋಡು, ಯಾವುದು ಎಲ್ಲಿ ಕೂಡ್ತದ?” ಎಂದೆ.

ಅವಳು ಬಹಳ ಹೊತ್ತು ನೋಡಿದಳು. “ನನಗೇನೂ ತಿಳೀವಲ್ದವ್ವ. ಎಲ್ಲಾ ಒಂದೇ ಕಾಣ್ತಾವ,” ಎಂದು ತಿರುಗಿ ಕೊಟ್ಟಳು.

ಐವತ್ತು ವರ್ಷ ನುಂಗಿಕೊಂಡಿದ್ದ ಮಾತು ಆಗ ಬಾಯಿಗೆ ಬಂತು. “ಅಕ್ಕಾ, ಅವತ್ತು ಮಾಸ್ತರ್ರ ಚೌಕ ಕೂಡಿಸಿದಾಕಿ ನೀನು. ನಾ ಸುಳ್ಳು ಹೇಳಿದೆ.”

ಅಕ್ಕ ನಕ್ಕಳು. “ಅಂಥ ಬುದ್ಧಿ ನನಗೆಲ್ಲಿಂದ ಬರಬೇಕ? ನೀನ ಅಲ್ಲೇನು ಮಾಡಿದ್ದು? ಮಾಸ್ತರು ಮನೀತನಕ ಬಂದು ಹೇಳಿದ್ರಲ್ಲ.” ಆಮೇಲೆ ನನ್ನ ಮೊಮ್ಮಗಳ ಗಲ್ಲ ಸವರಿ ಹೆಮ್ಮೆಯಿಂದ, “ನಿಮ್ಮಜ್ಜಿ ಸಣ್ಣಾಕಿದ್ದಾಗಿಂದ ಭಾಳ ಶಾಣ್ಯಾ,” ಎಂದಳು.

ಆಣೆ ಮಾಡಿ ಹೇಳಿದೆ, ಕಣ್ಣೀರು ಹಾಕಿದೆ. ತನ್ನ ಮನಸ್ಸಿನ ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡು ಅವಳೇ ನನ್ನ ಬೆನ್ನು ಸವರಿದಳು. ಸಾಲೆ ಹೋಯಿತು, ಬೆರಳು ಹೋದವು ಎಂದು ಮಾತ್ರ ಇಷ್ಟು ವರ್ಷ ಲೆಕ್ಕ ಹಾಕಿದ್ದೆ. ತಾನು ಎಂಥವಳಾಗಿದ್ದೆ ಎಂಬ ನೆನಪೂ ಅವಳಲ್ಲಿ ಉಳಿದಿಲ್ಲ. ಅದನ್ನು ಬಲ್ಲವಳು ಈಗ ಈ ಲೋಕದಲ್ಲಿ ನಾನೊಬ್ಬಳೇ, ಮತ್ತು ನನ್ನ ಮಾತನ್ನು ಅಕ್ಕ ನಂಬುವುದಿಲ್ಲ.