ಮಂಚ ನಡುವೆ ಇರಲಿ

ಲಾಂಚ್ ನಡೆಸುವಾಗ ಅವರು ಎಡಗಾಲಿನ ಚಪ್ಪಲಿಯನ್ನು ಮಾತ್ರ ಕಳಚಿಡುತ್ತಿದ್ದರು. ಬಲಗಾಲಿಗೆ ಸವೆದ ಹವಾಯಿ ಚಪ್ಪಲಿ; ಎಡಪಾದ ಕಬ್ಬಿಣದ ನೆಲದ ಮೇಲೆ ಬರಿದೇ. ಎಣ್ಣೆ ಕುಡಿದು ಕಪ್ಪಾದ ಅಂಗಾಲು, ಬಿರುಕುಬಿಟ್ಟ ಹಿಮ್ಮಡಿ. ಜನ, ಗಾಡಿ ಎಲ್ಲವನ್ನೂ ಹೊರುವ ಆ ಚಪ್ಪಟೆ ದೋಣಿಯಲ್ಲಿ ಸಾಗರದ ಕಾಲೇಜಿಗೆಂದು ನಾನು ದಿನವೂ ಅಣೆಕಟ್ಟಿನ ಹಿನ್ನೀರು ದಾಟುತ್ತಿದ್ದ ಕಾಲದಲ್ಲಿ ಒಮ್ಮೆ ಕಾರಣ ಕೇಳಿದ್ದೆ.

“ಭಾರ ಯಾವ ಕಡೆ ಹೋಯ್ತು ಅಂತ ಕಣ್ಣಿಗಿಂತ ಮೊದ್ಲು ಇದಕ್ಕೆ ಗೊತ್ತಾಗ್ತದೆ ತಂಗಿ,” ಎಂದಿದ್ದರು.

ನಮಗೆಲ್ಲ ಅವರು ಲಾಂಚಣ್ಣ. ದಾಟಲು ಇಪ್ಪತ್ತು ನಿಮಿಷ. ಅಷ್ಟರಲ್ಲಿ ಅಪ್ಪನ ಹಡಗಿನ ಕಥೆ ಒಂದು ಸಲವಾದರೂ ಬರಬೇಕು. ಅವರಪ್ಪ ಹೊಸನಗರದ ಕಡೆಯ ಹಳ್ಳಿಯಿಂದ ಮುಂಬಯಿಗೆ ಓಡಿಹೋಗಿ, ದೊಡ್ಡ ಪ್ರಯಾಣಿಕರ ಹಡಗೊಂದರಲ್ಲಿ ಊಟ ಬಡಿಸುವ ಕೆಲಸಕ್ಕೆ ಸೇರಿದ್ದರಂತೆ. ಮಹಾಯುದ್ಧ ಬಂತು. ಸರ್ಕಾರ ಹಡಗನ್ನು ತೆಗೆದುಕೊಂಡು ಬಿಳಿ ಬಣ್ಣ ಬಳಿಸಿ, ಸುತ್ತ ಹಸಿರು ಪಟ್ಟಿ ಎಳೆಸಿ, ಪಕ್ಕಕ್ಕೆ ಕೆಂಪು ಕ್ರಾಸ್ ಬರೆಸಿ ಆಸ್ಪತ್ರೆ ಮಾಡಿತು. ದೊರೆಗಳು ಉಣ್ಣುತ್ತಿದ್ದ ಹಾಲ್‌ನಲ್ಲಿ ಮೇಜು ಹೋಗಿ ಮಂಚ ಬಂದವು. ಬಡಿಸುತ್ತಿದ್ದ ಅಪ್ಪ ಗಾಯಾಳುಗಳ ಬಾಯಿಗೆ ನೀರು ಬಿಡುವವರಾದರು. ಹಿಡಿದು ತಂದ ಶತ್ರು ಸೈನಿಕರೂ ಅಲ್ಲೇ ಮಲಗಿರುತ್ತಿದ್ದರಂತೆ.

“ಆ ಹಾಲ್ ಹಡಗಿನ ನಟ್ಟನಡುವೆ ಇತ್ತು. ನಡು ಕಡಿಮೆ ಅಲ್ಲಾಡ್ತದೆ. ಅದಕ್ಕೇ ಏಳಕ್ಕಾಗ್ದೋರು ನಡುವೆ, ಗಟ್ಟಿ ಇದ್ದೋರು ಸುತ್ತ.”

ಯುದ್ಧ ಮುಗಿದು ಹಡಗು ಮತ್ತೆ ಪ್ರಯಾಣಿಕರದಾಯಿತು; ಅದೇ ಹಾಲ್‌ನಲ್ಲಿ ಮೇಜು ಹಾಕಿದರು. ಅಪ್ಪನಿಗೆ ಮಾತ್ರ ತಟ್ಟೆ ಇಡುವ ಜಾಗದಲ್ಲೆಲ್ಲ ಯಾರೋ ಮಲಗಿದಂತೆ ಕಂಡು, ಕೆಲಸ ಬಿಟ್ಟು ಊರಿಗೆ ಬಂದರಂತೆ. ಇಷ್ಟು ಕಥೆ. ನೂರು ಸಲ ಕೇಳಿದವರು ನಗುತ್ತಿದ್ದರು. “ಲಾಂಚಣ್ಣ, ಹಡಗು ಇವತ್ತು ಮುಂಬಯಿ ಬಿಟ್ಟಿಲ್ವಾ?” ಎಂದು ನಮ್ಮೂರಿನ ಅಂಗಡಿಯವರು ದಿನವೂ ಕೆಣಕುತ್ತಿದ್ದರು. “ನಿಮ್ಮ ಬಾಯಿ ಬಂದ್ ಆದ್ರೆ ಬಿಡ್ತದೆ, ಅದೇ ಬಂದರಿಗೆ ಅಡ್ಡ ನಿಂತಿದೆ,” ಎಂದು ಇವರೂ ಬಿಡುತ್ತಿರಲಿಲ್ಲ.

ಕೊರೋನಾದ ಎರಡನೇ ಅಲೆಯಲ್ಲಿ ನಮ್ಮ ಲಾಂಚೇ ಆಸ್ಪತ್ರೆಯ ಹಡಗಾಯಿತು. ಒಂದು ಮಧ್ಯಾಹ್ನ ನನ್ನ ಅಣ್ಣನಿಗೆ ಉಸಿರು ಸಿಗದಾಯಿತು. ಆಂಬುಲೆನ್ಸ್ ಆಚೆ ದಡದಲ್ಲಿ ಕಾಯುತ್ತಿತ್ತು. ಹಗ್ಗದ ಮಂಚದ ಸಮೇತ ಅವನನ್ನು ಹೊತ್ತು ತಂದೆವು. ಕಾಲ ಬಳಿ ಆಕ್ಸಿಜನ್ ಸಿಲಿಂಡರ್ ಕಟ್ಟಿತ್ತು. ಒಂದು ಗಾಡಿ, ಮೂವತ್ತು ನಲವತ್ತು ಜನ ಆಗಲೇ ಹತ್ತಿದ್ದರು.

“ಮಂಚ ನಡುವೆ ಇಡಿ,” ಎಂದರು ಲಾಂಚಣ್ಣ.

“ನಡುವೆ ಇಟ್ರೆ ನಾವೆಲ್ಲಿಗೆ ಹೋಗ್ಬೇಕು? ಅಪ್ಪನ ಹಡಗಿನ ಪುರಾಣ ಇವತ್ತು ಬೇಡ ಮಾರಾಯ್ರೆ,” ಎಂದರು ಅಂಗಡಿಯವರು, ಮಾಸ್ಕಿನ ಮೇಲೆ ಟವೆಲ್ ಒತ್ತಿಕೊಂಡು.

ಎಲ್ಲರ ಕಣ್ಣೂ ನನ್ನ ಮೇಲೆ. ನನಗೆ ನಾಚಿಕೆಯಾಯಿತು. ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ. “ಪರವಾಗಿಲ್ಲ, ಅಂಚಿನಲ್ಲೇ ಇರಲಿ,” ಎಂದುಬಿಟ್ಟೆ. ಅವರು ನನ್ನನ್ನೊಮ್ಮೆ ನೋಡಿದರು. ಅಣ್ಣನ ತುಟಿ ನೀಲಿಯಾಗುತ್ತಿತ್ತು, ವಾದಕ್ಕೆ ಹೊತ್ತಿರಲಿಲ್ಲ. ಮಂಚವನ್ನು ಬಲ ಅಂಚಿಗೆ ಇಟ್ಟೆವು. ಜನರೆಲ್ಲ ಗಾಡಿ ನಿಂತಿದ್ದ ಎಡಗಡೆಗೆ ಸರಿದರು.

ನೀರಿನ ನಡುಮಧ್ಯದಲ್ಲಿ ಬಲಗಡೆಯಿಂದ ಗಾಳಿ ಎದ್ದಿತು. ಲಾಂಚ್ ಎಡಕ್ಕೆ ವಾಲಿತು. ಮಂಚ ಜಾರತೊಡಗಿತು, ನೇರ ಜನರ ಕಡೆಗೆ. ಅದು ಹತ್ತಿರ ಬಂದಂತೆ ಅವರು ಹೆದರಿ ಇನ್ನೂ ಅಂಚಿಗೆ ಒತ್ತಿದರು. ಒತ್ತಿದಂತೆ ಲಾಂಚ್ ಇನ್ನೂ ವಾಲಿತು. ನಾನು ಮಂಚದ ಕಾಲು ಹಿಡಿದು ಅದರ ಜೊತೆಗೇ ಜಾರುತ್ತಿದ್ದೆ. ಕಂಬಿಯ ಕೆಳಗೆ ನೀರು ಒಳನುಗ್ಗಿದ್ದು ಕಂಡೆ. ಅಣ್ಣನ ಮೂಗಿನ ಪೈಪು ಕಳಚಿತ್ತು.

ಎಂಜಿನ್ನಿನ ಸದ್ದು ತಗ್ಗಿತು. ಲಾಂಚಿನ ಮೂತಿ ಗಾಳಿಗೆ ಎದುರಾಗಿ ತಿರುಗಿತು. “ಮಂಚದ ಹತ್ರ ಬನ್ನಿ! ಅರ್ಧ ಜನ ಮಂಚ ದಾಟಿ ಬಲಕ್ಕೆ ಬನ್ನಿ!” ಎಂದು ಕೂಗಿದರು ಲಾಂಚಣ್ಣ. ಯಾರೂ ಕದಲಲಿಲ್ಲ. ಚುಕ್ಕಾಣಿಯನ್ನು ಜೊತೆಯ ಸಿಬ್ಬಂದಿಗೆ ಕೊಟ್ಟು ಅವರು ಒಂದೇ ಚಪ್ಪಲಿಯಲ್ಲಿ ಇಳಿದು ಬಂದರು. ಮಂಚವನ್ನು ಎದೆ ಕೊಟ್ಟು ತಡೆದರು. ಪೈಪನ್ನು ಅಣ್ಣನ ಮೂಗಿಗೆ ಸಿಕ್ಕಿಸಿ, ಅವನ ಪಕ್ಕದಲ್ಲೇ ನೆಲಕ್ಕೆ ಕೂತರು.

“ನೋಡಿ, ಕೂತಿದೀನಿ. ಇವನ ಹತ್ರ ಬಂದ್ರೆ ಕಾಯಿಲೆ ಬರಬಹುದು, ಬರದೇನೂ ಇರಬಹುದು. ಅಲ್ಲೇ ನಿಂತ್ರೆ ನೀರು ಗ್ಯಾರಂಟಿ. ನಿಮ್ಮಂಥೋರು ಇದ್ದಿದ್ರೆ ಅಪ್ಪನ ಹಡಗು ಮುಂಬಯಿ ಬಾಗ್ಲಲ್ಲೇ ಮುಳುಗಿರ್ತಿತ್ತು!”

ಮೊದಲು ದಾಟಿ ಬಂದವರು ಅಂಗಡಿಯವರು. ಕಣ್ಣು ಮುಚ್ಚಿಕೊಂಡೇ ಬಂದರು. ಅವರ ಹಿಂದೆ ಮೀನುಬುಟ್ಟಿಯ ಹೆಂಗಸು, ಆಮೇಲೆ ಒಬ್ಬೊಬ್ಬರೇ. ನೆಲ ನಿಧಾನವಾಗಿ ಸಮವಾಯಿತು. ಲಾಂಚಣ್ಣ ಎಡಪಾದವನ್ನು ಒಮ್ಮೆ ಒತ್ತಿ ನೋಡಿ, “ಹಾಂ, ಈಗ ಸರಿ. ಯಾರೂ ಅಲ್ಲಾಡ್ಬೇಡಿ,” ಎಂದರು.

ಅಣ್ಣ ಬದುಕಿದ. ಲಾಂಚಣ್ಣನಿಗೆ ವಾರದೊಳಗೆ ಜ್ವರ ಬಂತು. ಅಣ್ಣನಿಂದಲೇ ಬಂತೋ ಇಲ್ಲವೋ, ಹೇಳುವವರಿಲ್ಲ. ಕೆಮ್ಮು ಕೊನೆಗೂ ಬಿಡಲಿಲ್ಲ. ಕ್ಷಮೆ ಕೇಳಲು ಹೋದಾಗ ಅವರು ನನಗೆ ಮಾತಾಡಲು ಬಿಡದೆ ಚಹಾ ತರಿಸಿದರು. “ಅಂಚಿಗೆ ಇಡಿ ಅಂದಿದ್ದು ನೀನು, ಇಡಕ್ಕೆ ಬಿಟ್ಟೋನು ನಾನು. ಲಾಂಚ್ ನಂದಲ್ವಾ ತಂಗಿ?”

ಈಗಲೂ ಬಸ್ಸು ತಿರುವಿನಲ್ಲಿ ವಾಲಿದರೆ ನನ್ನ ಕೈ ಏನನ್ನೋ ಹಿಡಿಯಲು ಹೋಗುತ್ತದೆ.

ಎರಡು ವರ್ಷದ ಮೇಲೆ ಅವರು ಸಾಗರದ ಆಸ್ಪತ್ರೆಯಲ್ಲಿ ತೀರಿಕೊಂಡರು. ಹಿನ್ನೀರಿಗೆ ಈಗಿರುವ ಸೇತುವೆ ಆಗಿನ್ನೂ ಆಗಿರಲಿಲ್ಲ. ಅವರನ್ನು ಮಂಚದಲ್ಲಿ ಮಲಗಿಸಿ ಅವರ ಲಾಂಚಿನಲ್ಲೇ ಊರಿಗೆ ತಂದೆವು. ಮಂಚವನ್ನು ಎಲ್ಲಿಡಬೇಕೆಂದು ಯಾರೂ ಕೇಳಲಿಲ್ಲ. ನಟ್ಟನಡುವೆ ಇಟ್ಟರು. ಅಣ್ಣ ಬಲಗಡೆ ನಿಂತ, ಅಂಗಡಿಯವರು ಎಡಗಡೆ. ಉಳಿದವರು ಯಾರೂ ಹೇಳದೆಯೇ ಎರಡೂ ಬದಿಗೆ ಹಂಚಿಕೊಂಡು ಸುತ್ತ ನಿಂತರು. ನಾನು ಎಡಗಾಲಿನ ಚಪ್ಪಲಿ ಕಳಚಿ ಪಾದವನ್ನು ಕಬ್ಬಿಣಕ್ಕೆ ಊರಿದೆ. ಆಚೆ ದಡ ಮುಟ್ಟುವವರೆಗೂ ಲಾಂಚ್ ಎಲ್ಲೂ ವಾಲಲಿಲ್ಲ.