ಯಾರ ಹೆಸರು ಹಿಡಿದು ಅಳುವುದು

ಯರಗುಪ್ಪಿಯಲ್ಲಿ ಯಾವ ಮನೆಯಲ್ಲಿ ಹೆಂಗಸೊಬ್ಬಳು ತೀರಿಕೊಂಡರೂ ಮಹಾನಂದಾಳಿಗೆ ಹೇಳಿಕಳಿಸುತ್ತಾರೆ. ಗೋಡೆಗೆ ಆನಿಸಿ ಕೂಡಿಸಿದ ಹೆಣದ ಮುಂದೆ ಕುಳಿತು ಆಕೆ ಹಾಡಿಕೊಂಡು ಅಳುತ್ತಾಳೆ. ಸತ್ತವಳನ್ನು ಹೆಸರು ಹಿಡಿದು ಕರೆದು, ಎಷ್ಟು ಹೆತ್ತಳು, ಯಾವ ಹೊಲದಲ್ಲಿ ಕಳೆ ತೆಗೆದಳು, ಯಾವ ಸೀರೆಯನ್ನು ಟ್ರಂಕಿನಲ್ಲಿಟ್ಟು ಉಡದೇ ಹೋದಳು ಎಂದು ಒಂದೊಂದಾಗಿ ಹೇಳುತ್ತಾಳೆ. ಹೊರಗೆ ಬಿದಿರು ಕಟ್ಟುವ ಗಂಡಸರು ಕೈ ನಿಲ್ಲಿಸುತ್ತಾರೆ. ನಲವತ್ತೆಂಟು ವರ್ಷದ ಮಹಾನಂದಾಳ ಮಾತನ್ನು ಜನ ನಡುವೆ ಬಾಯಿ ಹಾಕದೆ ಕೇಳುವುದು ಅಲ್ಲಿ ಮಾತ್ರ. ಮನೆಯಲ್ಲಿ ಉಪ್ಪು ತೀರಿದೆ ಎಂದರೂ ಮೂರು ಸಲ ಹೇಳಬೇಕು.

ಹೋದ ಸುಗ್ಗಿಯಲ್ಲಿ ಅವರ ಮನೆಗೆ ಸಿನೆಮಾದವರು ಬಂದರು. ನಿರ್ದೇಶಕಿ ಮೈತ್ರೇಯಿ ಧಾರವಾಡದವಳು, ಮಾಸ್ತರರ ಮಗಳು. ಇಟಲಿಯ ಹಳೆಯ ಒಪೆರಾ ಒಂದನ್ನು ಕನ್ನಡದ ಪರದೆಗೆ ತರುವ ಹಟ ಆಕೆಯದು. ದೊಡ್ಡ ಪಡಸಾಲೆ ಇದೆಯೆಂದು ಮಹಾನಂದಾಳ ಗಂಡ ಈರಬಸಪ್ಪನ ಹತ್ತಿರ ಶೂಟಿಂಗಿಗೆ ಮನೆ ಕೇಳಿದಳು. ಅವನು ಮನೆ ಕೊಟ್ಟ. ಮನೆಯ ಜೊತೆಗೆ ಒಲೆಯನ್ನೂ, ಒಲೆಯ ಮುಂದಿನವಳನ್ನೂ ಕೊಟ್ಟಿದ್ದಾನೆಂಬುದು ಮೊದಲ ಬೆಳಿಗ್ಗೆ ಮೂವತ್ತು ಕಪ್ ಚಹಾ ಕೇಳಿದಾಗ ಮಹಾನಂದಾಳಿಗೆ ಗೊತ್ತಾಯಿತು.

ಮೈತ್ರೇಯಿ ಕಟ್ಟೆಯ ಮೇಲೆ ಕುಳಿತು ಕತೆ ಹೇಳಿದಳು. "ಒಪೆರಾ ಅಂದ್ರ ನಿಮ್ಮ ಸಣ್ಣಾಟ ಇದ್ಹಾಂಗರಿ. ಎಲ್ಲಾ ಹಾಡಿನ್ಯಾಗ. ಒಬ್ಬಾಕಿ ಹಡಗಿನಾಂವನ ದಾರಿ ಕಾಯ್ತಾಳ. ಅಂವಾ ಬರೂದಿಲ್ಲ. ಕಾದು ಕಾದು ಎದಿಬ್ಯಾನಿ ಹತ್ತಿ ಸಾಯ್ತಾಳ. ನಾ ಸಮುದ್ರ ತಗದು ಎರಿ ಹೊಲ ಮಾಡೀನಿ, ಹಡಗು ತಗದು ಮೆಣಸಿನಕಾಯಿ ಲಾರಿ ಮಾಡೀನಿ. ಸಾಯೂ ಮುಂದ ಒಪೆರಾದಾಗ ಆಕಿ ಹನ್ನೊಂದು ನಿಮಿಷ ಹಾಡ್ತಾಳ."

ಮಹಾನಂದಾಳ ಅತ್ತೆ ಸುಶೀಲವ್ವನಿಗೆ ಎಂಬತ್ತು ದಾಟಿದೆ. ಬಾಯಿಗೆ ವಯಸ್ಸಾಗಿಲ್ಲ. "ಎದಿಬ್ಯಾನಿಯಾಕಿ ಹನ್ನೊಂದು ನಿಮಿಷ ಹಾಡತಾಳ? ನನಗ ಮೂರು ಪಾವಟಿಗಿ ಹತ್ತಿದರ ಉಸಿರು ಬರೂದಿಲ್ಲ. ಯಾವ ಡಾಕ್ಟರ್ ಬೇ ಆಕಿಗೆ?"

"ಅದಕ್ಕರಿ ಆಯೀ," ಮೈತ್ರೇಯಿ ನಕ್ಕಳು. "ಸ್ಟೇಜಿನ ಮ್ಯಾಲೆ ನಡೀತದ, ಪರದೆ ಮ್ಯಾಲೆ ನಗಿ ಬರ್ತದ. ಏನು ಮಾಡಬೇಕು ನನಗೂ ತಿಳೀವಲ್ದು."

ಆ ವಾರವೇ ಓಣಿಯ ಮುದುಕಿಯೊಬ್ಬಳು ತೀರಿಕೊಂಡಳು. ಕಸ ಮುಸುರೆ ಮುಗಿಸಿ ಮಹಾನಂದಾ ಹೋಗಿ ಅತ್ತಳು. ಬಾಗಿಲ ಹೊರಗೆ ನಿಂತು ಕೇಳಿದ ಮೈತ್ರೇಯಿ ಮರುದಿನ ಅಡುಗೆಮನೆಗೇ ಬಂದಳು. "ಮಹಾನಂದಕ್ಕಾ, ದಾರಿ ಸಿಕ್ತು. ಸಾಯೋ ಹುಡುಗಿ ಸುಮ್ಮನ ಇರ್ತಾಳ. ಆಕಿ ಸಲುವಾಗಿ ನೀವು ಅಳ್ರಿ, ಹಾಡಿಕೊಂಡು. ಹನ್ನೊಂದು ನಿಮಿಷ."

ಮಹಾನಂದಾ ಹಿಟ್ಟಿನ ಕೈಯಲ್ಲೇ ತಿರುಗಿ ನೋಡಿದಳು. ಬಾಗಿಲಲ್ಲಿದ್ದ ಈರಬಸಪ್ಪ ಹೇಳಿದ: "ಅಳತಾಳ ತೊಗೋರಿ. ಆಕಿಗೇನು ಅಳೂದು ಕಲಿಸಬೇಕಾಗೇತೇನು?"

ಸುಶೀಲವ್ವ ಮಾತ್ರ ಕಿವಿ ಮುಚ್ಚಿಕೊಂಡಳು. "ಸಾಯದಾಕಿ ಮುಂದ ಅಳೂದು? ಇದ್ದಾಕಿ ಹೆಸರು ಹಿಡದು ಅತ್ರ ಆ ಹೆಸರಿನಾಕಿ ವರ್ಷ ದಾಟೂದಿಲ್ಲ. ನನ್ನ ಮನಿಯಾಗ ಬ್ಯಾಡ."

ಮಹಾನಂದಾ ಅದನ್ನು ನಂಬುತ್ತಿದ್ದಳೋ ಇಲ್ಲವೋ, ಅವಳಿಗೇ ಗೊತ್ತಿರಲಿಲ್ಲ. ಆದರೆ ತನ್ನ ದನಿ ಒಂದು ಕಡೆ ಉಳಿಯುತ್ತದೆ ಎಂಬ ಆಸೆ ರಾತ್ರಿಯೊಳಗೆ ಬೇರು ಬಿಟ್ಟಿತ್ತು. ಇಷ್ಟು ವರ್ಷ ಅತ್ತದ್ದೆಲ್ಲ ಹೆಣದ ಜೊತೆ ಮಣ್ಣಿಗೆ ಹೋಗಿತ್ತು. ಆಸೆ ಬಿಡಲಾಗದು, ಯಾರದೋ ಬಾಳಿಗೆ ಕೇಡು ತರಲೂ ಆಗದು.

"ಆ ಹುಡುಗಿ ಹೆಸರೇನರಿ?" ಎಂದು ಮರುದಿನ ಒಲೆಯ ಮುಂದೆ ಕುಳಿತು ಮೈತ್ರೇಯಿಯನ್ನು ಕೇಳಿದಳು.

"ಅಮೃತಾ."

"ಅಮೃತಾ ಅನ್ನಾವ್ರು ಊರಾಗ ಮೂರು ಮಂದಿ ಅದಾರ. ಒಬ್ಬಾಕಿ ಈಗ ಬಸರಿ. ಒಲ್ಲೆರಿ."

"ನರ್ಮದಾ ಅಂದ್ರ?"

"ಸಾಲಿ ಅಕ್ಕಾರ ಹೆಸರು."

"ಹಂಗಾರ ಇಟಲಿ ಹೆಸರೇ ಇರಲಿ ಬಿಡ್ರಿ."

"ನಾಲಿಗಿ ತಿರುಗದ ಹೆಸರಿಗೆ ಅಳು ಹೆಂಗ ಬರತೈತ್ರಿ?" ಮಹಾನಂದಾ ತಟ್ಟಿದ ರೊಟ್ಟಿ ಹಂಚಿಗೆ ಹಾಕಿದಳು. "ಇನ್ನೊಂದು ಕೇಳಲೇನ್ರಿ? ಆ ಹುಡುಗಿ ದಿನಾ ಏನು ಮಾಡತಾಳ?"

"ದಾರಿ ಕಾಯ್ತಾಳ."

"ಅದು ಸರಿ. ಬೆಳಿಗ್ಗಿ ಎದ್ದು?"

ಮೈತ್ರೇಯಿ ಚಿತ್ರಕತೆಯ ಹಾಳೆಗಳನ್ನು ತಿರುವಿದಳು. ಕಿಟಕಿಯಲ್ಲಿ ನಿಲ್ಲುತ್ತಾಳೆ. ಪತ್ರ ಓದುತ್ತಾಳೆ. ಹೊಲದಂಚಿನವರೆಗೆ ಓಡುತ್ತಾಳೆ. ಅಳುತ್ತಾಳೆ.

"ನೀರು ಯಾರು ತರತಾರ? ರೊಟ್ಟಿ ಯಾರು ಬಡೀತಾರ? ಆಕಿ ಪಾತಳ ಯಾರು ಒಗೀತಾರ?"

"ಅದು… ತೋರಿಸಿಲ್ಲರಿ."

"ಹಂಗಾರ ನಾ ಏನಂತ ಅಳಲಿ? ಕಿಟಕ್ಯಾಗ ನಿಂತಿದ್ದಿ ನನ್ನವ್ವಾ ಅನ್ನಲೇನು?"

ಮೈತ್ರೇಯಿ ಹಾಳೆ ಮಡಚಿದಳು. ನಾಲ್ಕು ವರ್ಷ ಬರೆದು ತಿದ್ದಿದ ಕತೆಯಲ್ಲಿ ಆ ಹುಡುಗಿ ಒಂದು ಹೊತ್ತೂ ಉಂಡಿರಲಿಲ್ಲ. ಅದು ಇಟಲಿಯವರ ತಪ್ಪೋ ತನ್ನದೋ ಆಕೆಗೆ ಹೊಳೆಯಲಿಲ್ಲ.

ಶೂಟಿಂಗಿನ ದಿನ ಪಡಸಾಲೆಯಲ್ಲಿ ಜಮಖಾನ ಹಾಸಿ ನಟಿಯನ್ನು ಮಲಗಿಸಿದ್ದರು. ಮಹಾನಂದಾ ತಕರಾರು ತೆಗೆದಳು. "ನಮ್ಮಲ್ಲಿ ಕುಂದರಸತೀವ್ರಿ. ಮಲಗಿಸಿದರ ನಿದ್ದಿ ಹತ್ತಿದಾಂಗ ಕಾಣತಾಳ." ನಟಿಯನ್ನು ಗೋಡೆಗೆ ಆನಿಸಿ ಕೂಡಿಸಿ ಹಣೆಗೆ ವಿಭೂತಿ ಹಚ್ಚಿದರು. ಸುಶೀಲವ್ವ ಕಟ್ಟೆಯ ಮೇಲೆ ಮುಖ ತಿರುಗಿಸಿ ಕುಳಿತಳು. ಧ್ವನಿ ಹಿಡಿಯುವ ಜಹೀರ್ ಬೆರಳೆತ್ತಿ ಸನ್ನೆ ಮಾಡಿದ.

ಮಹಾನಂದಾ ಬಾಯಿ ತೆರೆದಳು. "ಎದ್ದು ನೋಡ ನನ್ನವ್ವಾ…" ಹೆಸರು ಬರಬೇಕಾದ ಜಾಗದಲ್ಲಿ ದನಿ ಮುಗ್ಗರಿಸಿ ನಿಂತಿತು. ಮತ್ತೊಮ್ಮೆ ಮಾಡಿದರು, ಅಲ್ಲೇ ನಿಂತಿತು. ಮೂರನೆಯ ಸಲ ಈರಬಸಪ್ಪ ಬಾಗಿಲಿನಿಂದ, "ಬಾಯಿಗೆ ಬಂದ ಹೆಸರು ತೊಗೋಳಲೇ, ಊಟದ ಹೊತ್ತಾತು" ಎಂದ.

ಊಟಕ್ಕೆ ಇನ್ನೂ ನಲವತ್ತು ರೊಟ್ಟಿ ಆಗಬೇಕಿತ್ತು. ಅದನ್ನು ಮಾಡಬೇಕಾದವಳು ಇಲ್ಲಿ ಕುಳಿತಿದ್ದಾಳೆ. ಮಹಾನಂದಾ ಊರ ಹೆಂಗಸರ ಹೆಸರುಗಳನ್ನೆಲ್ಲ ಮನಸ್ಸಿನಲ್ಲಿ ತಡಕಾಡಿದಳು. ಯಾವ ಹೆಸರು ಮುಟ್ಟಿದರೂ ಅದರ ಒಡತಿ ಎಲ್ಲೋ ನೀರು ಹೊರುತ್ತಿದ್ದಳು. ಯಾರನ್ನೂ ಕೇಳದೆ ತೆಗೆದುಕೊಳ್ಳಬಹುದಾದ ಹೆಸರು ಒಂದೇ ಉಳಿದಿತ್ತು.

"ಎದ್ದು ನೋಡ ಮಹಾನಂದಾ," ಎಂದು ಹಾಡಿದಳು. "ಕೋಳಿಗಿಂತ ಮೊದಲೆದ್ದಿ, ಕೋಳಿಗೆ ಕಾಳು ಹಾಕಿದ್ದಿ, ನಿನಗ ಯಾರು ಹಾಕಿದರ ನನ್ನವ್ವಾ…"

ಆಮೇಲೆ ತಡೆಯಲಿಲ್ಲ. ಮದುವೆಯಾದ ಮೂರನೇ ದಿನ ಕೈಗೆ ಬಂದ ರೊಟ್ಟಿಯ ಹಂಚು ಹಾಡಿಗೆ ಬಂತು. ಜೋಳದ ಚೀಲ, ಎಮ್ಮೆಯ ಒದೆತ, ಮೆಣಸಿನಕಾಯಿ ಬಿಡಿಸಿ ರಾತ್ರಿಯಿಡೀ ಉರಿದ ಬೆರಳು, ನಿಂತೇ ಉಂಡ ಊಟ ಬಂದವು. ನಟಿ ಕಣ್ಣು ಬಿಟ್ಟು ನೋಡುತ್ತಿದ್ದಳು. ಮೈತ್ರೇಯಿ ನಿಲ್ಲಿಸಲು ಹೇಳಲಿಲ್ಲ. ಈರಬಸಪ್ಪ ಯಾರದೋ ಮನೆಗೆ ಬಂದವನಂತೆ ಹೊಸ್ತಿಲ ಆಚೆ ನಿಂತಿದ್ದ. "ಇದು ಸಿನೆಮಾದ್ದೋ, ಖರೇದ್ದೋ?" ಎಂದು ಜಹೀರನನ್ನು ಪಿಸುಗುಟ್ಟಿ ಕೇಳಿದ. ಜಹೀರ್ ತುಟಿಯ ಮೇಲೆ ಬೆರಳಿಟ್ಟ.

ಹನ್ನೊಂದು ನಿಮಿಷ ಯಾವಾಗಲೋ ದಾಟಿತ್ತು. ಹೀಗೆ ಅಳುವವಳು ತಾನಾಗಿ ನಿಲ್ಲುವಂತಿಲ್ಲ. ಹಿರಿಯಳೊಬ್ಬಳು ಬಂದು ಭುಜ ಹಿಡಿದು, ಸಾಕು ಬಿಡು ಎಂದು ನೀರು ಕೊಡಬೇಕು. ಸಿನೆಮಾದವರಿಗೆ ಅದು ಗೊತ್ತಿಲ್ಲ. ಗೊತ್ತಿದ್ದವಳು ಒಬ್ಬಳೇ.

ಸುಶೀಲವ್ವ ಕೋಲೂರಿಕೊಂಡು ಕ್ಯಾಮೆರಾದ ಮುಂದೆಯೇ ನಡೆದು ಬಂದಳು. ಬೈಯುತ್ತಾಳೆಂದು ಮಹಾನಂದಾ ತಲೆ ತಗ್ಗಿಸಿದಳು. ಮುದುಕಿ ಮೊಣಕಾಲು ಹಿಡಿದು ಸೊಸೆಯ ಬಾಜು ಕುಳಿತಳು. ಭುಜ ಹಿಡಿಯಲಿಲ್ಲ, ನೀರು ಕೊಡಲಿಲ್ಲ.

"ಬಾಣಂತಿ ಇದ್ದಿ," ಎಂದಳು. "ಏಳನೇ ದಿನಕ್ಕ ನಿನ್ನ ಎಬ್ಬಿಸಿ ಒಲಿ ಮುಂದ ಕುಂದರಿಸಿದ್ದೆ. ಅದನ್ಯಾಕ ಬಿಟ್ಟಿ? ಹೇಳ ಅದನೂ."

ಅದು ತಪ್ಪೊಪ್ಪಿಗೆಯೋ ಅಪ್ಪಣೆಯೋ ಮಹಾನಂದಾಳಿಗೆ ತಿಳಿಯಲಿಲ್ಲ. ಇಪ್ಪತ್ತೊಂಬತ್ತು ವರ್ಷ ಅತ್ತೆಯ ಮಾತನ್ನು ಅಪ್ಪಣೆಯೆಂದೇ ಕೇಳಿ ರೂಢಿ. ಸೆರಗಿನಿಂದ ಮೂಗೊರೆಸಿಕೊಂಡು ಅದನ್ನೂ ಹಾಡಿಗೆ ಸೇರಿಸಿದಳು.