ನಮ್ಮ ಮನೆಗೆ ಬೆಂಕಿಯಿಲ್ಲದ ಒಲೆ ಬಂದ ಬಗೆ

ನನ್ನ ಅತ್ತೆಯ ಎದೆಗೆ ಯಾವ ರೋಗವೂ ಇರಲಿಲ್ಲ. ಬೆಂಕಿಯ ಮುಂದೆ ನಿಲ್ಲಬಾರದು ಎಂದು ಯಾವ ಡಾಕ್ಟರೂ ಅವರಿಗೆ ಹೇಳಿರಲಿಲ್ಲ. ಹೇಳಿದವಳು ನಾನು. ಮೂರು ವರ್ಷದಿಂದ ಅವರು ಅದನ್ನು ನಂಬಿಕೊಂಡು ಬದುಕಿದ್ದಾರೆ, ಅವರು ನಂಬುವುದನ್ನು ನೋಡುತ್ತ ನಾನು ಸುಮ್ಮನಿದ್ದೇನೆ. ಅದೂ ಯಾತಕ್ಕಾಗಿ — ಒಂದು ಒಲೆಗಾಗಿ! ಕೇಳಿದವರು ನಗಬಹುದು. ನಗಲಿ.

ನಾವಿರುವುದು ಹುಬ್ಬಳ್ಳಿಯ ನವನಗರದಲ್ಲಿ. ನಾನು, ನನ್ನ ಗಂಡ ಶೇಖರ, ಅತ್ತೆ ನೀಲವ್ವ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಅತ್ತೆ ಅಮ್ಮಿನಬಾವಿ ಎಂಬ ಹಳ್ಳಿಯವರು, ಎಪ್ಪತ್ತರ ಹತ್ತಿರ ವಯಸ್ಸು. ಅವರ ಕೈಯ ಜೋಳದ ರೊಟ್ಟಿ ಓಣಿಗೆಲ್ಲ ಗೊತ್ತು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರು ರೊಟ್ಟಿ ಬಡಿಯುವುದನ್ನು ಕಲಿಯಲು ನಮ್ಮ ಅಡುಗೆಮನೆಗೇ ಬರುತ್ತಿದ್ದರು. ನಮ್ಮ ಮನೆಗೆ ಎಲ್ಲರೂ 'ನೀಲವ್ವಾರ ಮನಿ' ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಮೇಲೂ ಒಬ್ಬರಾದರೂ ಅದನ್ನು ಗಿರಿಜಾ ಟೀಚರ ಮನೆ ಎನ್ನಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹಿಟ್ಟಿನ ಕಾಟದ ಬಗ್ಗೆ ಬಹಳ ಮಾತಾಡುವವಳಿದ್ದೇನೆ, ಆಗ ನೀವು ಅದೊಂದೇ ಕಾರಣ ಎಂದುಕೊಳ್ಳಬಾರದು.

ಹಿಟ್ಟಿನ ಕಾಟವೂ ಸುಳ್ಳಲ್ಲ. ದಿನಾ ಬೆಳಿಗ್ಗೆ ಹದಿನೈದು ರೊಟ್ಟಿ. ಅವರು ಕಟ್ಟೆಯ ಮೇಲೆ ಬಡಿದರೆ ಹಿಟ್ಟು ಹಾರಿ ಒಲೆಯ ಮೇಲೆ, ಡಬ್ಬಿಗಳ ಮೇಲೆ, ನಾನು ಶಾಲೆಗೆ ಉಡುವ ಸೀರೆಯ ಮೇಲೆ. ಬರ್ನರಿನ ತೂತಿನಲ್ಲಿ ಹಿಟ್ಟು ಸೇರಿ ಉರಿ ಹಳದಿಗೆ ತಿರುಗುತ್ತಿತ್ತು. ಪ್ರತಿ ಭಾನುವಾರ ಪಿನ್ನು ಹಿಡಿದು ಒಂದೊಂದೇ ತೂತು ಬಿಡಿಸುವವಳು ನಾನು. ರೊಟ್ಟಿಯ ಹೆಸರು ಅವರಿಗೆ, ಪಿನ್ನು ನನಗೆ. ನಾನು ಬಡಿದರೆ ರೊಟ್ಟಿ ಅಂಚಿನಲ್ಲಿ ಸೀಳುತ್ತಿತ್ತು. ಸೀಳಿದ್ದನ್ನು ಅವರು ಎತ್ತಿಕೊಂಡು ಏನೂ ಅನ್ನದೆ ತಾವೇ ತಿನ್ನುತ್ತಿದ್ದರು. ಏನಾದರೂ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಮೂರು ವರ್ಷದ ಹಿಂದೆ ಅಡುಗೆಮನೆ ಒಡೆಸಿದೆವು. ಹಳೆಯ ಟೈಲ್ಸು ಕಿತ್ತರು, ಹೊಸ ಗ್ರಾನೈಟ್ ಬಂತು, ಮತ್ತೆ ಎಲ್ಲವೂ ಒಲೆಯ ಹತ್ತಿರ ಬಂದು ನಿಂತುಬಿಟ್ಟಿತು. ಕಟ್ಟೆಯ ಮೇಲೆ ಇಡುವ ಒಲೆಯಾದರೆ ಕಲ್ಲಿಗೇನೂ ಮಾಡಬೇಕಿಲ್ಲ. ಈಗ ಬಂದಿರುವ, ಕಟ್ಟೆಯೊಳಗೆ ಕೂರಿಸುವ ಹಾಬ್ ಆದರೆ ಕಲ್ಲು ಕೊರೆಯಬೇಕು. ಕೊರೆದ ಕಲ್ಲು ಮತ್ತೆ ಕೂಡುವುದಿಲ್ಲ. ಕಲ್ಲಿನವನು ದಿನಾ ಬಂದು ಬಾಗಿಲಲ್ಲಿ ನಿಂತು ಅದೇ ಪ್ರಶ್ನೆ — "ಕೊರೀಲ್ಯೋ ಬ್ಯಾಡೋ, ಒಂದ ಮಾತ ಹೇಳ್ರಿ ಮೇಡಮ್ಮಾರ." ನಾವು ಐದು ವಾರ ಹಾಲ್‌ನಲ್ಲಿ, ಟಿವಿಯ ಪಕ್ಕದಲ್ಲಿ, ಒಂದೇ ಬರ್ನರಿನ ಸಣ್ಣ ಒಲೆ ಇಟ್ಟುಕೊಂಡು ಅನ್ನ ಮಾಡಿ ತಿಂದೆವು. ಸಾರಿನ ವಾಸನೆ ಸೋಫಾಕ್ಕೂ ಹತ್ತಿತು.

ಗಂಡನನ್ನು ಕೇಳಿದರೆ, "ನಿಮ್ಮಿಬ್ಬರಿಗೆ ಯಾವದ ಒಪ್ಪತೈತಿ ಅದನ್ನ ತಗೋರಿ." ನಮ್ಮಿಬ್ಬರಿಗೆ ಒಂದೇ ಒಪ್ಪುತ್ತಿದ್ದರೆ ಇವರನ್ನು ಯಾಕೆ ಕೇಳುತ್ತಿದ್ದೆ? ಅಂಗಡಿಗೆ ಕರೆದುಕೊಂಡು ಹೋದರೆ ಬಾಗಿಲಲ್ಲೇ ನಿಂತು ಫೋನು ನೋಡುವರು. ಮೂರು ಬರ್ನರಿನದು, ನಾಲ್ಕು ಬರ್ನರಿನದು, ಗಾಜಿನದು, ಸ್ಟೀಲಿನದು, ತಾನೇ ಹೊತ್ತಿಕೊಳ್ಳುವುದು, ಕಡ್ಡಿ ಗೀರಬೇಕಾದದ್ದು, ಗ್ಯಾಸೇ ಬೇಡದ ಇಂಡಕ್ಷನ್ — ತಲೆ ಚಿಟ್ಟು ಹಿಡಿದುಹೋಯಿತು. ಆದರೆ ನನ್ನ ಮನಸ್ಸು ಆಗಲೇ ಇಂಡಕ್ಷನ್ ಮೇಲೆ ಕೂತಿತ್ತು. ಕರಿ ಗಾಜು, ಕಟ್ಟೆಗೆ ಸಮ. ತೂತಿಲ್ಲ, ಪಿನ್ನಿಲ್ಲ. ಒಂದು ಅರಿವೆ ಎಳೆದರೆ ಮುಗಿಯಿತು.

ಅತ್ತೆ ಬರಿಗೈಯಲ್ಲಿ ಬರಲಿಲ್ಲ. ಪ್ರತಿ ಅಂಗಡಿಗೂ ತಮ್ಮ ಕಬ್ಬಿಣದ ಹಂಚನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದರು. ರೊಟ್ಟಿ ಬೇಯಿಸುವ ಹಂಚು, ತಳ ಬಾಗಿದ್ದು. ಒಲೆ ಕಂಡಲ್ಲೆಲ್ಲ ಅದನ್ನು ಇಟ್ಟು, ಬಗ್ಗಿ, ಬರ್ನರಿಗೂ ಹಂಚಿಗೂ ನಡುವೆ ಬೆರಳು ತೂರಿಸಿ ಅಂತರ ನೋಡುವರು. ಆಮೇಲೆ, "ಹಚ್ಚಿ ತೋರ್ಸ್ರಿ." ದೊಡ್ಡ ಅಂಗಡಿಗಳಲ್ಲಿ ಹಚ್ಚಿ ತೋರಿಸಲು ಗ್ಯಾಸೇ ಇರಲಿಲ್ಲ. "ಉರಿ ನೋಡದ ಒಲಿ ತಗೊಳ್ಳೂದು ಹ್ಯಾಂಗ?" ಎಂದು ಹೊರಬೀಳುವರು. ನಾನು ಹಲ್ಲು ಕಚ್ಚಿಕೊಂಡು ಹಿಂದೆ.

ಕೊನೆಗೆ ಹಳೇ ಹುಬ್ಬಳ್ಳಿಯ ಒಂದು ಗಲ್ಲಿಯಲ್ಲಿ, ಒಲೆ ರಿಪೇರಿಯನ್ನೂ ಮಾಡುವ ಸಣ್ಣ ಅಂಗಡಿ ಸಿಕ್ಕಿತು. ಅಲ್ಲಿ ಗ್ಯಾಸ್ ಇತ್ತು. ಅತ್ತೆ ಕೈಚೀಲದಿಂದ ಹಂಚು ತೆಗೆದರು — ಅದರ ಹಿಂದೆಯೇ ಹಿಟ್ಟಿನ ಡಬ್ಬಿ, ನೀರಿನ ಬಾಟಲಿ! ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಅಂಗಡಿಯ ಕಾಕಾ ನಗುತ್ತಾ ಗಲ್ಲಾದ ಮೇಜನ್ನೇ ಒರೆಸಿ ಕೊಟ್ಟರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಅಲ್ಲೇ ರೊಟ್ಟಿ ಬಡಿದರು. ಕಟ್ಟೆಯೊಳಗೆ ಕೂರಿಸುವ ಗ್ಯಾಸ್ ಹಾಬಿನ ಮೇಲೆ ರೊಟ್ಟಿಯ ನಡು ಹೊತ್ತಿತು, ಅಂಚು ಹಸಿ ಉಳಿಯಿತು. ಹಿತ್ತಾಳೆಯ ಅಗಲ ಬರ್ನರಿನ, ಕಟ್ಟೆಯ ಮೇಲಿಡುವ ಸಾದಾ ಒಲೆಯ ಮೇಲೆ ಉಬ್ಬಿತು. ದಾರಿಹೋಕರು ನಿಂತು ನೋಡಿದರು. ಕಾಕಾ ಅರ್ಧ ರೊಟ್ಟಿ ಹರಿದು ಬಾಯಿಗಿಟ್ಟುಕೊಂಡು, "ಭಾರೀ ಆಗೇತ್ರಿ ಯವ್ವಾ" ಎಂದರು.

ಇಂಡಕ್ಷನ್ ಸರದಿ ಬಂದಾಗ ಹಂಚು ಗಾಜಿನ ಮೇಲೆ ನಿಲ್ಲಲೇ ಇಲ್ಲ, ತೊಟ್ಟಿಲಿನಂತೆ ತೂಗಿತು.

"ಬೆಂಕಿ ಎಲ್ಲೈತ್ರಿ ಇದಕ್ಕ?"

"ಬೆಂಕಿ ಇರಂಗಿಲ್ರಿ ಯವ್ವಾ. ಹಂಗ ಕಾಯ್ತೈತಿ."

"ಬೆಂಕಿ ಇಲ್ದ ಕಾಯೂದಂದ್ರ ಜ್ವರ ಒಂದ," ಎಂದರು ಅತ್ತೆ. ಅಂಗಡಿಯೆಲ್ಲ ನಕ್ಕಿತು. ಫೋನು ನೋಡುತ್ತಿದ್ದ ನನ್ನ ಗಂಡನೂ ನಕ್ಕರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಇಪ್ಪತ್ತೆರಡು ವರ್ಷದಲ್ಲಿ ನಾನು ಕೇಳಿದ್ದು ಇದೊಂದು — ಇರಲಿ. ನಾನು ಕೇಳಿದ್ದೆನೋ ಇಲ್ಲವೋ, ಅದೂ ಖಾತ್ರಿಯಿಲ್ಲ. ಬಾಯಿ ಬಿಟ್ಟು ಒಂದು ಸಲವೂ 'ನನಗ ಇದು ಬೇಕ್ರಿ ಅತ್ತಿ' ಎಂದಿರಲಿಲ್ಲ. ಅವರಿಗೇ ತಿಳಿಯಬೇಕು ಎಂದು ಕಾದಿದ್ದೆ.

ಹಿತ್ತಾಳೆ ಬರ್ನರಿನ ಒಲೆಯೇ ಎಂದು ತೀರ್ಮಾನವಾಯಿತು. ಸೋಮವಾರ ಹೋಗಿ ತರುವುದು. ಶನಿವಾರ ಅತ್ತೆಗೆ ಕೆಮ್ಮು. ಟೈಲ್ಸು ಕಿತ್ತ ಧೂಳು, ಮತ್ತೇನಲ್ಲ; ನನಗೂ ಇತ್ತು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ನೋಡಿ, ಎದೆ ಸ್ವಚ್ಛವಿದೆ ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಅತ್ತೆ ಎದ್ದು ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಡಾಕ್ಟರು ಇಂಗ್ಲಿಷಿನಲ್ಲಿ ಮೂರು ಸಾಲು ಗೀಚಿ ನನ್ನ ಕೈಗೆ ಕೊಟ್ಟರು. ಐದು ದಿನ ಔಷಧಿ. ಧೂಳಿನಿಂದ ದೂರವಿರುವುದು. ಅಡುಗೆ ಮಾಡುವಾಗ ಕಿಟಕಿ ತೆರೆದಿಡುವುದು. ಅಷ್ಟೇ.

ಹೊರಗೆ ಬಂದೆ. ಅತ್ತೆ ಚಪ್ಪಲಿ ಮೆಟ್ಟಿಕೊಂಡು ಮುಖ ಎತ್ತಿ, "ಏನಂದ್ರ?" ಎಂದು ಕೇಳಿದರು.

ನಾನು ಮೊದಲೇ ಯೋಚಿಸಿಟ್ಟುಕೊಂಡಿದ್ದೆನೇ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇಲ್ಲ ಎನ್ನಬೇಕೆನ್ನಿಸುತ್ತದೆ. ಆದರೆ ಮಾತು ಅಷ್ಟು ಸಲೀಸಾಗಿ ಬಂತಲ್ಲ —

"ಬೆಂಕಿ ಮುಂದ ನಿಂದ್ರಬಾರ್ದಂತ್ರಿ ಅತ್ತಿ. ನಿಮ್ಮ ಎದಿಗೆ ಆಗಂಗಿಲ್ಲಂತ."

ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಕೇಳಿದರು, "ದೂರ ನಿಂತು ಬಡದ್ರ ನಡೀತೈತೇನು? ಬಡದ ಕೊಡ್ತೇನಿ, ನೀ ಬೇಯ್ಸು."

ಅಲ್ಲಿ ನಾನು ಹಿಂದೆ ಸರಿಯಬಹುದಿತ್ತು. ಹೂಂ ಎಂದಿದ್ದರೆ ಸಾಕಿತ್ತು. "ಅದೂ ಬ್ಯಾಡಂದಾರ್ರಿ" ಎಂದೆ. ಮೊದಲನೆಯ ಸುಳ್ಳು ಸಿಟ್ಟಿನಲ್ಲಿ ಬಂತು ಎಂದರೂ ಈ ಎರಡನೆಯದಕ್ಕೆ ಏನು ಹೇಳಲಿ?

ಸೋಮವಾರ ಕಲ್ಲಿನವನು ಬಂದ. "ಕೊರೀರಿ" ಎಂದೆ.

ಅತ್ತೆ ಆ ಚೀಟಿಯನ್ನು ನನ್ನಿಂದ ಇಸಿದುಕೊಂಡು, ನಾಲ್ಕು ಮಡಿಕೆ ಮಾಡಿ, ಎಲೆ ಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡರು. ಕನ್ನಡ ಚೆನ್ನಾಗಿ ಓದುತ್ತಾರೆ, ಇಂಗ್ಲಿಷ್ ಬಾರದು. ಹಂಚನ್ನು ಕಸ ಗುಡಿಸಲು ಬರುವವಳಿಗೆ ಕೊಟ್ಟುಬಿಟ್ಟರು. ಕಲಿಯಲು ಬಂದ ಹುಡುಗಿಯರಿಗೆ ಸಂಚಿ ಬಿಚ್ಚಿ ಚೀಟಿ ತೋರಿಸಿ, "ನನ್ನ ಎದಿ ಹೋಗೇತ್ರವಾ" ಎನ್ನುವರು. ಡಾಕ್ಟರ ಆ ಗೀಚನ್ನು ಓದಲು ಅವರಿಗೂ ಆಗಲಿಲ್ಲ. ಆ ಹುಡುಗಿಯರೂ ಬರುವುದು ನಿಲ್ಲಿಸಿದರು. ಒಲೆ ಬಿಟ್ಟವರು ಅಷ್ಟಕ್ಕೇ ನಿಲ್ಲಲಿಲ್ಲ. ಮಾಳಿಗೆಯ ಮೆಟ್ಟಿಲು ಹತ್ತುವುದನ್ನು ಬಿಟ್ಟರು, ಸಂಜೆಯ ತಿರುಗಾಟ ಬಿಟ್ಟರು. ಎರಡು ಮಾತಿಗೊಮ್ಮೆ ಎದೆಯ ಮೇಲೆ ಕೈ. ಆರೋಗ್ಯವಾಗಿದ್ದ ಹೆಂಗಸು ನನ್ನ ಕಣ್ಣ ಮುಂದೆಯೇ ರೋಗಿಯಾದರು. ನಾನು ನುಣ್ಣನೆಯ ಕರಿ ಗಾಜನ್ನು ಒಂದೇ ಅರಿವೆಯಲ್ಲಿ ಒರೆಸುತ್ತಿದ್ದೆ. ಅಂಗಡಿಯಿಂದ ಕಟ್ಟಿಸಿ ತಂದ ರೊಟ್ಟಿಯನ್ನು ಅವರು ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದರು.

ಹೋದ ವರ್ಷ ಅಮ್ಮಿನಬಾವಿಯಲ್ಲಿ ಅವರ ತಮ್ಮನ ಮೊಮ್ಮಗಳ ಮದುವೆ. ಮದುವೆಗೆ ನಾಲ್ಕು ದಿನ ಮೊದಲು ಓಣಿಯ ಹೆಂಗಸರೆಲ್ಲ ಕೂಡಿ ರೊಟ್ಟಿ ಬಡಿಯುತ್ತಾರೆ, ಹಿತ್ತಲಿನಲ್ಲಿ ಕಟ್ಟಿಗೆಯ ಒಲೆ ಹೂಡಿ. ಆ ಊರಿನಲ್ಲಿ ಅತ್ತೆ ಇಲ್ಲದೆ ಅಂಥ ಕೆಲಸ ಆದದ್ದೇ ಇಲ್ಲ. ಈ ಸಲ ಅವರು ಒಲೆಗಳಿಂದ ದೂರ, ಹೊರಬಾಗಿಲ ಹತ್ತಿರ, ಮೂಗಿಗೆ ಸೆರಗು ಹಿಡಿದು ಕೂತರು. ಅವರ ತಮ್ಮನ ಹೆಂಡತಿ ಬಂದು, "ಬಾರ ಯಕ್ಕಾ, ಎರಡರ ಬಡದ ಏಳ" ಎಂದು ಕೈ ಹಿಡಿದೆಳೆದಳು. ಅತ್ತೆ ಸಂಚಿಯಿಂದ ಚೀಟಿ ತೆಗೆದು ಮೇಲೆತ್ತಿ ತೋರಿಸಿದರು. ಬಡಿಯುವ ಸದ್ದಿಗೆ ತಕ್ಕಂತೆ ಅವರ ಬಲಗೈ ತೊಡೆಯ ಮೇಲೆ ಆಡುತ್ತಿತ್ತು. ನಾನು ನೀರಿನ ತಂಬಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಈಗ ಯಾಕೆ ಬಿಡುತ್ತಿದ್ದೇನೆ? ಹೋದ ತಿಂಗಳು ಕುಕ್ಕರು ಕೈಜಾರಿ ಆ ಗಾಜಿನ ಮೇಲೆ ಬಿತ್ತು. ಗಾಜು ಮೂಲೆಯಿಂದ ಮೂಲೆಗೆ ಸೀಳಿತು. ಮತ್ತೆ ಹಾಲ್‌ನಲ್ಲಿ ಸಣ್ಣ ಒಲೆ, ಮತ್ತೆ ಸೋಫಾಕ್ಕೆ ಸಾರಿನ ವಾಸನೆ, ಮತ್ತೆ ಒಲೆಯ ಹುಡುಕಾಟ. ಈ ಸಲವಾದರೂ ಸರಿಮಾಡೋಣ ಎಂದುಕೊಂಡೆ. ನೇರ ಹಳೇ ಹುಬ್ಬಳ್ಳಿಯ ಅದೇ ಅಂಗಡಿಗೆ ಹೋದೆವು. ಕಾಕಾ ಗುರುತು ಹಿಡಿದು, "ರೊಟ್ಟಿ ಯವ್ವಾ ಬಂದ್ರಲಾ, ಹಿಟ್ಟ ತಂದೀರೇನ್ರಿ?" ಎಂದು ಕೇಳಿದರು. ಅತ್ತೆಯ ಕೈಯಲ್ಲಿ ಹಂಚಿರಲಿಲ್ಲ, ಸಂಚಿಯಿತ್ತು.

"ಹಿತ್ತಾಳೆ ಬರ್ನರಿನ ಒಲಿ ಕೊಡ್ರಿ" ಎಂದೆ ನಾನು.

"ಬ್ಯಾಡ್ರಿ, ಬೆಂಕಿ ಇಲ್ಲದ್ದ ಕೊಡ್ರಿ" ಎಂದರು ಅತ್ತೆ.

"ಕಿಟಕಿ ತಗದಿಟ್ರ ಏನೂ ಆಗಂಗಿಲ್ರಿ ಅತ್ತಿ."

"ಡಾಕ್ಟರಿಗಿಂತಾ ನಿನಗ ಗೊತ್ತೈತೇನು?"

ನನ್ನ ಗಂಡ ಮೂರು ವರ್ಷದಲ್ಲಿ ಮೊದಲ ಸಲ ಫೋನಿನಿಂದ ಕಣ್ಣೆತ್ತಿದರು. "ಆವಾಗ ಗ್ಯಾಸ್ ಬ್ಯಾಡ ಅಂದಿ, ಈಗ ಗ್ಯಾಸ ಬೇಕಂತಿ. ನಿನ್ನ ತಲಿಯಾಗ ಏನ ನಡದೈತಿ?" ಅಂಗಡಿಯ ನಡುವೆ ನಿಂತು ನಾನು ಬೆಂಕಿಯ ಪರವಾಗಿ ವಾದಿಸಿದೆ, ಬೇಡಿಕೊಂಡೆ, ಸಿಡುಕಿದೆ. ನಾನು ಹೇಳಿದ ಸುಳ್ಳನ್ನೇ ಅವರು ನನಗೆ ಅಡ್ಡ ಹಿಡಿದಿದ್ದರು, ಅದನ್ನು ಅಲ್ಲಾಡಿಸಲು ನನ್ನಿಂದಾಗಲಿಲ್ಲ. ಸತ್ಯ ಹೇಳದೆ ಆ ಒಲೆ ಮನೆಗೆ ಬರುವಂತಿರಲಿಲ್ಲ. ಕೊನೆಗೆ ಅತ್ತೆ ಕಾಕಾನ ಕಡೆ ತಿರುಗಿ, ನನ್ನ ಭುಜದ ಮೇಲೆ ಕೈಯಿಟ್ಟು ಹೇಳಿದರು:

"ಈಕಿ ಆವತ್ತ ದವಾಖಾನಿಗೆ ಕರಕೊಂಡ ಹೋಗಿದ್ದಿಲ್ಲಂದ್ರ ನಾ ಇಷ್ಟೊತ್ತಿಗೆ ಇರ್ತಿದ್ದಿಲ್ರಿ. ನನ್ನ ಜೀವಾ ಉಳಿಸ್ಯಾಳ ನನ್ನ ಸೊಸಿ."

ಏನೂ ಕೊಳ್ಳದೆ ಮನೆಗೆ ಬಂದೆವು.

ಆ ಮಾತಾಗಿ ಹನ್ನೊಂದು ದಿನ. ಅಡುಗೆಮನೆಯ ಕಟ್ಟೆಯಲ್ಲಿ ಒಡೆದ ಗಾಜಿನ ಒಲೆ ತೆಗೆದ ತೂತು ಹಾಗೇ ಇದೆ, ದಿನಾ ಅದರ ಮುಂದೆ ಓಡಾಡುತ್ತೇನೆ. ಹಿಟ್ಟಿನ ಕಾಟ, ಧೂಳು, ಐದು ವಾರದ ದಣಿವು, ಗಂಡನ ಮೌನ — ಎಲ್ಲವನ್ನೂ ಎಣಿಸಿ ನೋಡಿದೆ. ಯಾವುದೂ ಆ ಎರಡನೆಯ ಸುಳ್ಳಿಗೆ ಕಾರಣವಾಗಿ ಸಾಲುವುದಿಲ್ಲ. ಓಣಿಯಲ್ಲಿ ಅವರ ಹೆಸರಿತ್ತು, ನನಗೆ ಹೊಟ್ಟೆಕಿಚ್ಚಿತ್ತು. ಅವರ ಮೂರು ವರ್ಷವನ್ನು ನಾನು ಹಾಳುಮಾಡಿದೆ. ಅವರು ಕ್ಷಮಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ಕ್ಷಮಿಸದಿದ್ದರೆ ಅದು ಸರಿಯೇ.

ಇದನ್ನು ಬರೆದದ್ದು ಹಿಂದೆ ಸರಿಯದಿರಲಿ ಎಂದು. ಈಗ ಸಂಜೆ ಐದು. ಅವರು ಪಡಸಾಲೆಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದಾರೆ, ಸಂಚಿ ತೊಡೆಯ ಮೇಲಿದೆ. ಪೆನ್ನು ಕೆಳಗಿಟ್ಟು ಹೋಗಿ ಅವರ ಎದುರು ನೆಲದ ಮೇಲೆ ಕೂರುತ್ತೇನೆ. ಏನು ಹೇಳಬೇಕೆಂದು ಹನ್ನೊಂದು ದಿನ ಬಾಯಿಪಾಠ ಮಾಡಿದ್ದೇನೆ. ಅದರಲ್ಲಿ ಉಳಿದಿರುವುದು ಇಷ್ಟೇ —

"ಅತ್ತೀ, ಆ ಚೀಟಿ ಕೊಡ್ರಿ. ಅದರಾಗ ಏನ ಬರದೈತಿ ಅಂತ ಇವತ್ತ ಖರೇ ಓದಿ ಹೇಳ್ತೇನಿ."